ಸನ್ನಿಯೂ ಅರಳುಮರಳೂ: ಆಸ್ಪತ್ರೆಯ ರಾತ್ರಿಗಳಲ್ಲಿ ವೃದ್ಧರಿಗೆ ಒದಗುವ ಚಿತ್ತಭ್ರಮೆಯ ವಿಚಾರ

ಆಸ್ಪತ್ರೆಯನ್ನು ಸೇರಿದ ವೃದ್ಧರಲ್ಲಿ ಹಲವರಿಗೆ ಹೊತ್ತು ಮುಳುಗಿದ ಮೇಲೆ ಬುದ್ಧಿಯು ಕದಡುವುದುಂಟು. ಹಗಲೆಲ್ಲ ಮಕ್ಕಳು ಮೊಮ್ಮಕ್ಕಳನ್ನು ಗುರುತಿಸಿ ಸಮಾಧಾನವಾಗಿ ಮಾತನಾಡಿದವರೇ ನಡುರಾತ್ರಿಯಲ್ಲಿ ಎದ್ದು ಕುಳಿತು, ತಾವಿರುವುದು ಎಲ್ಲಿಯೆಂಬುದನ್ನು ಅರಿಯದೆ, ಕೈಗೆ ಚುಚ್ಚಿದ ಸೂಜಿಯನ್ನು ಕಿತ್ತೆಸೆದು, ಎಂದೋ ತೀರಿಕೊಂಡ ತಾಯಿಯನ್ನು ಕೂಗುತ್ತಾರೆ. ಹಸುವನ್ನು ಕಟ್ಟಬೇಕೆಂದು ಹೊರಡುತ್ತಾರೆ. ತಡೆಯಬಂದ ದಾದಿಯನ್ನು ಕಳ್ಳಳೆಂದು ಭಾವಿಸಿ ಹೊಡೆಯಲು ಹೋಗುತ್ತಾರೆ. ಬೆಳಕು ಹರಿದ ಮೇಲೆ ಇದರಲ್ಲಿ ಬಹುಭಾಗವು ಅವರ ನೆನಪಿನಲ್ಲಿ ಉಳಿಯುವುದಿಲ್ಲ. ಈ ಸ್ಥಿತಿಯನ್ನು ನಮ್ಮ ಜನರು ಯಾವ ಹೆಸರಿನಿಂದ ಕರೆದರು, ಅದನ್ನು ಶಮನಗೊಳಿಸಲು ಏನು ಮಾಡಿದರು, ಆ ಹೆಸರುಗಳಲ್ಲಿ ಒಂದು ಬಳಕೆಯಿಂದ ಜಾರಿದುದರಿಂದ ಇಂದು ಯಾವ ಹಾನಿಯಾಗುತ್ತಿದೆ ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ. ವಿಷಯವು ವೈದ್ಯರಿಗೆ ಸೇರಿದ್ದೆಂದು ವಾಚಕರು ಭಾವಿಸಬಹುದು. ಆದರೆ ಇದರ ಅರ್ಧಭಾಗವು ಶಬ್ದಾರ್ಥದ ಪ್ರಶ್ನೆಯಾಗಿರುವುದರಿಂದ ಭಾಷಾಭ್ಯಾಸಿಗಳ ಗಮನಕ್ಕೂ ಇದು ಅರ್ಹವಾಗಿದೆ.

ಇಂದು ಇಂಥ ಪ್ರಸಂಗಗಳಲ್ಲಿ ಮನೆಯವರ ಬಾಯಿಂದ ಮೊದಲು ಹೊರಡತಕ್ಕ ಮಾತು ‘ವಯಸ್ಸಾಯಿತು, ಅರಳುಮರಳು’ ಎಂಬುದು. ಅರುವತ್ತಕ್ಕೆ ಅರಳುಮರಳೆಂಬ ಗಾದೆಯು ಕನ್ನಡ ನಾಡಿನಲ್ಲೆಲ್ಲ ಪ್ರಸಿದ್ಧವಾದುದು. ತಮಗೆ ಅರುವತ್ತು ತುಂಬಿದ ಕಾಲದಲ್ಲಿ ಬೇಂದ್ರೆಯವರು ತಮ್ಮ ಕವನಸಂಪುಟಕ್ಕೆ ಇದೇ ಹೆಸರನ್ನಿಟ್ಟು, ೧೯೫೮ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದುದು ವಿದಿತವಾದ ವಿಷಯವೇ ಆಗಿದೆ. ಅರಳುವುದು, ಮತ್ತೆ ಮರಳುವುದು ಎಂಬ ಅರ್ಥವೂ, ಮರುಳೆಂಬ ಹಳೆಯ ಮಾತಿನ ನಂಟೂ ಈ ಜೋಡಿಪದದಲ್ಲಿ ಒಟ್ಟಿಗೆ ಕಿವಿಗೆ ಬೀಳುವುದರಿಂದಲೇ ಕವಿಗೆ ಅದು ಒದಗಿಬಂದಿರಬೇಕು. ಏನೇ ಇರಲಿ, ಲೋಕವ್ಯವಹಾರದಲ್ಲಿ ಅರಳುಮರಳೆಂದರೆ ಮುಪ್ಪಿನೊಡನೆ ಮೆಲ್ಲಮೆಲ್ಲನೆ ಬಂದು ನೆಲೆಸುವ ಮರೆವು. ಮಾಗಿಯ ಚಳಿಯಂತೆ ಕಾಲಧರ್ಮವಾಗಿ ಬರತಕ್ಕದ್ದು. ಅದಕ್ಕೆ ಮದ್ದಿಲ್ಲವೆಂಬುದೂ ಆ ಮಾತಿನಲ್ಲಿಯೇ ಅಡಗಿದೆ.

ಆದರೆ ನಮ್ಮ ಮನೆಮಾತಿನಲ್ಲಿ ಇನ್ನೊಂದು ಪದವಿತ್ತು. ಅದು ಸನ್ನಿ. ಸಂಸ್ಕೃತದ ಸನ್ನಿಪಾತವು ಬಳಕೆಯಲ್ಲಿ ಸವೆದು ಈ ರೂಪವನ್ನು ತಾಳಿತು. ವಾತ ಪಿತ್ತ ಕಫಗಳು ಮೂರೂ ಒಟ್ಟಿಗೆ ಕೆಟ್ಟು ಮೇಲೆ ಬೀಳುವುದು ಸನ್ನಿಪಾತ. ಇದರ ಲಕ್ಷಣಗಳನ್ನು ವಾಗ್ಭಟನು ಅಷ್ಟಾಂಗಹೃದಯದ ನಿದಾನಸ್ಥಾನದಲ್ಲಿ ಹೇಳುವಾಗ, ಹಗಲಿನಲ್ಲಿ ಅತಿಯಾದ ನಿದ್ರೆ, ರಾತ್ರಿಯಲ್ಲಿ ಎಚ್ಚರ, ಹಾಡುವುದು, ಕುಣಿಯುವುದು, ನಗುವುದು ಮೊದಲಾದ ವಿಕಾರಚೇಷ್ಟೆಗಳನ್ನು ಎಣಿಸುತ್ತಾನೆ. ನಿದ್ರೆಯು ಹಗಲು ರಾತ್ರಿಗಳಲ್ಲಿ ಅದಲುಬದಲಾಗುವುದೆಂಬ ಈ ಮಾತು ಅತ್ಯಂತ ಸೂಕ್ಷ್ಮವಾದ ಅವಲೋಕನ. ಇಂದಿನ ವೈದ್ಯರು ಡೆಲಿರಿಯಮ್ ಎಂದು ಕರೆಯುವ ಸ್ಥಿತಿಯ ಮುಖ್ಯ ಗುರುತುಗಳಲ್ಲಿ ಇದೂ ಒಂದು. ಸುಶ್ರುತಸಂಹಿತೆಯ ಉತ್ತರತಂತ್ರವಾದರೋ ಅಭಿನ್ಯಾಸವೆಂಬ ಮತ್ತೊಂದು ಪ್ರಭೇದವನ್ನು ಹೇಳುತ್ತದೆ. ಅದರಲ್ಲಿ ರೋಗಿಯು ಕೂಗಾಡುವುದಿಲ್ಲ; ಎಚ್ಚರವು ಅಲ್ಪವಾಗಿ, ನೋಟವು ಭ್ರಾಂತವಾಗಿ, ಕಾಂತಿಯು ಕುಂದಿ ಸುಮ್ಮನೆ ಬಿದ್ದಿರುತ್ತಾನೆ. ವೃದ್ಧರ ಡೆಲಿರಿಯಮ್ಮಿನಲ್ಲಿ ಈ ಮೌನದ ಬಗೆಯೇ ಹೆಚ್ಚು ಕಣ್ತಪ್ಪುವುದೆಂದು ಈಚಿನ ವೈದ್ಯಶಾಸ್ತ್ರವು ಒತ್ತಿ ಹೇಳುತ್ತಿದೆ. ಗಲಾಟೆ ಮಾಡುವ ಮುದುಕನ ಬಳಿಗೆ ಎಲ್ಲರೂ ಓಡಿಬರುತ್ತಾರೆ. ತೆಪ್ಪಗೆ ಮಲಗಿರುವವನನ್ನು ಕಂಡು ‘ಪಾಪ, ನಿದ್ದೆ ಹತ್ತಿದೆ’ ಎಂದುಕೊಂಡು ಮುಂದೆ ಹೋಗುತ್ತಾರೆ.

ಪ್ರಾಚೀನರು ಇದನ್ನೆಲ್ಲ ಜ್ವರದ ಪ್ರಕರಣದಲ್ಲಿ ಹೇಳಿದರೇ ಹೊರತು ಮುಪ್ಪಿನ ಪ್ರಕರಣದಲ್ಲಿ ಹೇಳಲಿಲ್ಲವೆಂಬುದನ್ನು ಮರೆಯಕೂಡದು. ಸನ್ನಿಪಾತವೂ ಡೆಲಿರಿಯಮ್ಮೂ ಒಂದೇ ಎಂದು ಸಾಧಿಸುವುದು ನಮ್ಮ ಆಶಯವಲ್ಲ. ಅಂಥ ಸಮೀಕರಣಗಳಿಂದ ಎರಡು ಶಾಸ್ತ್ರಗಳಿಗೂ ಅನ್ಯಾಯವಾಗುತ್ತದೆ. ನಾವು ಹೇಳಬೇಕಾದುದು ಇಷ್ಟೇ: ಸನ್ನಿಯೆಂಬುದು ದೇಹದಲ್ಲಿರುವ ಬೇರೊಂದು ರೋಗದ ಕಾರಣದಿಂದ ಒಮ್ಮೆಗೇ ಮೇಲೆ ಬೀಳುವ ಬುದ್ಧಿವಿಕಾರ, ಅರಳುಮರಳೆಂಬುದು ಮೆಲ್ಲಗೆ ಬರತಕ್ಕದ್ದು. ಒಂದು ಅಪಾಯದ ಸೂಚನೆ, ಇನ್ನೊಂದು ವಯೋಧರ್ಮವೆಂಬ ಭಾವನೆ. ಈ ಭೇದವನ್ನು ಓದುಬರಹವಿಲ್ಲದ ಅಜ್ಜಿಯರೂ ಬಲ್ಲವರಾಗಿದ್ದರು. ಜ್ವರ ತಲೆಗೇರಿ ಬಡಬಡಿಸುವವನಿಗೆ ‘ಸನ್ನಿ ಹಿಡಿದಿದೆ’ ಎಂದು ಹೇಳಿ ಪಂಡಿತರನ್ನು ಕರೆತರಲು ಆಳನ್ನು ಓಡಿಸುತ್ತಿದ್ದರು. ‘ಅರಳುಮರಳು’ ಎಂದರೆ ಯಾರೂ ಯಾರನ್ನೂ ಓಡಿಸುತ್ತಿರಲಿಲ್ಲ.

ಪಶ್ಚಿಮ ದೇಶಗಳಲ್ಲಿಯೂ ಈ ಎರಡರ ಎಲ್ಲೆಯನ್ನು ಗುರುತಿಸಲು ಬಹುಕಾಲ ಹಿಡಿಯಿತು. ಡೆಲಿರಿಯಮ್ ಎಂಬುದು ಲ್ಯಾಟಿನ್ ಶಬ್ದ. ಉತ್ತಾಗ ನೇಗಿಲು ಸಾಲನ್ನು ಬಿಟ್ಟು ಹೋಗುವುದೆಂಬುದು ಅದರ ಮೂಲಾರ್ಥ. ಒಕ್ಕಲುತನದ ನಾಡಿನವರಾದ ನಮಗೆ ಈ ಉಪಮೆಯನ್ನು ವಿವರಿಸಬೇಕಾಗಿಲ್ಲ. ಕ್ರಿ. ಶ. ಒಂದನೆಯ ಶತಮಾನದ ಸೆಲ್ಸಸ್ ಎಂಬ ರೋಮನ್ ಗ್ರಂಥಕಾರನು ಇದನ್ನು ವೈದ್ಯದಲ್ಲಿ ಬಳಸಿದನು. ಆದರೂ ೧೯೮೦ರಲ್ಲಿ ಅಮೆರಿಕದ ಮನೋವೈದ್ಯ ಸಂಘದವರು ತಮ್ಮ ರೋಗವರ್ಗೀಕರಣದ ಮೂರನೆಯ ಆವೃತ್ತಿಯಲ್ಲಿ ಖಚಿತವಾದ ಲಕ್ಷಣಗಳನ್ನು ಗೊತ್ತುಮಾಡುವವರೆಗೆ ಅಲ್ಲಿಯೂ ಒಬ್ಬೊಬ್ಬರು ಒಂದೊಂದು ಹೆಸರಿನಿಂದ ಇದನ್ನು ಕರೆಯುತ್ತಿದ್ದರು.

ಇನ್ನು ಈ ಸ್ಥಿತಿಯಲ್ಲಿರುವವರನ್ನು ಎಲ್ಲಿ, ಯಾರ ಬಳಿಯಲ್ಲಿ ಇರಿಸುತ್ತಿದ್ದರೆಂಬುದನ್ನು ನೋಡೋಣ. ಕನ್ನಡ ನಾಡಿನಲ್ಲಿ ರೋಗಿಗಳಿಗೆ ಮನೆಯ ಹೊರಗೆ ಆಶ್ರಯವಿದ್ದುದಕ್ಕೆ ಶಾಸನಾಧಾರವಿದೆ. ಬಳ್ಳಿಗಾವೆಯ ಕೋಡಿಯ ಮಠದ ೧೧೬೨ರ ಶಾಸನವು ಆ ಮಠವನ್ನು ವರ್ಣಿಸುತ್ತ, ಅದು ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಮೊದಲಾದವರಿಗೆ ಅನ್ನವಿಕ್ಕುವ ಸ್ಥಾನವೆಂದೂ, ದಿಕ್ಕಿಲ್ಲದ ರೋಗಿಗಳ ರೋಗಕ್ಕೆ ಔಷಧ ನೀಡುವ ಸ್ಥಾನವೆಂದೂ ಹೇಳುತ್ತದೆ. ಗಾಯಕರು, ವಾದಕರು, ಕಥೆ ಹೇಳುವವರಿಗೂ ಅಲ್ಲಿ ಅನ್ನವುಂಟು. ಇಲ್ಲಿ ಗಮನಿಸಬೇಕಾದುದು, ಮಠದ ಔಷಧವು ಅನಾಥರಿಗೆ ಎಂಬ ಮಾತು. ಬಂಧುಗಳುಳ್ಳವನು ಮನೆಯಲ್ಲಿಯೇ ಮಲಗುತ್ತಿದ್ದನು. ಅವನ ತಲೆದೆಸೆಯಲ್ಲಿ ಹಣತೆಯೊಂದು ಉರಿಯುತ್ತಿದ್ದಿತು. ಗೋಡೆಯೂ ಗಂಟೆಯ ಸದ್ದೂ ಹಟ್ಟಿಯ ವಾಸನೆಯೂ ಅವನಿಗೆ ಪರಿಚಿತವಾಗಿದ್ದುವು. ದಿಕ್ಕಿಲ್ಲದವನಿಗೆ ಮಾತ್ರ ಮಠವು ದಿಕ್ಕಾಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ವ್ಯವಸ್ಥೆಯು ಪಲ್ಲಟವಾಯಿತು. ೧೮೪೭ರಲ್ಲಿ ಬೆಂಗಳೂರಿನಲ್ಲಿ ಹುಚ್ಚರ ಆಸ್ಪತ್ರೆಯು ಸ್ಥಾಪಿತವಾಯಿತು. ೧೯೨೫ರಲ್ಲಿ ಮೈಸೂರು ಸರಕಾರದವರು ಅದಕ್ಕೆ ಮಾನಸಿಕ ರೋಗಗಳ ಆಸ್ಪತ್ರೆಯೆಂದು ಹೆಸರನ್ನು ಬದಲಿಸಿದರು. ೧೯೫೪ರಲ್ಲಿ ಭಾರತ ಸರಕಾರದವರು ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನು ತೆರೆದರು. ೧೯೭೪ರಲ್ಲಿ ಎರಡೂ ಒಂದುಗೂಡಿ ನಿಮ್ಹಾನ್ಸ್ ಆಯಿತು. ಅತ್ತ ದೇಹದ ರೋಗಗಳಿಗಾಗಿ ದಂಡಿನಲ್ಲಿ ಬೌರಿಂಗ್ ಆಸ್ಪತ್ರೆ, ಪೇಟೆಯ ಅಂಚಿನಲ್ಲಿ ವಿಕ್ಟೋರಿಯಾ ಆಸ್ಪತ್ರೆ ಎದ್ದುವು. ವಿಕ್ಟೋರಿಯಾ ಆಸ್ಪತ್ರೆಗೆ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ೧೮೯೭ರಲ್ಲಿ ಅಸ್ತಿಭಾರವನ್ನಿಟ್ಟರು. ೧೯೦೦ನೆಯ ಇಸವಿ ಡಿಸೆಂಬರಿನಲ್ಲಿ ಲಾರ್ಡ್ ಕರ್ಜನ್ನನು ಪ್ರಾರಂಭೋತ್ಸವವನ್ನು ನಡೆಸಿದನು. ಹೀಗೆ ಬುದ್ಧಿಯ ರೋಗಕ್ಕೆ ಒಂದು ಕಟ್ಟಡ, ದೇಹದ ರೋಗಕ್ಕೆ ಇನ್ನೊಂದು ಕಟ್ಟಡ ಎಂಬ ವಿಭಾಗವಾಯಿತು. ರಾತ್ರಿಯಲ್ಲಿ ದಿಕ್ಕುತಪ್ಪುವ ವೃದ್ಧನಾದರೋ ಈ ಎರಡರ ನಡುವಣವನು. ಅವನ ಮೂತ್ರದಲ್ಲಿ ಸೋಂಕು, ಬುದ್ಧಿಯಲ್ಲಿ ಕಲಕು. ಅವನಿಗೆ ಮೊದಲನೆಯ ಮನೆಯೂ ಸರಿಯಲ್ಲ, ಎರಡನೆಯದರಲ್ಲಿಯೂ ಅವನೊಬ್ಬ ಉಪದ್ರವ.

ವಿಕ್ಟೋರಿಯಾ ಆಸ್ಪತ್ರೆಯು ತೆರೆದಾಗ ಬೆಂಗಳೂರಿಗೆ ವಿದ್ಯುದ್ದೀಪವು ಇನ್ನೂ ಬಂದಿರಲಿಲ್ಲ. ಶಿವನಸಮುದ್ರದ ವಿದ್ಯುತ್ತು ನಗರದ ಬೀದಿಗಳನ್ನು ಬೆಳಗಿದುದು ೧೯೦೫ರ ಆಗಸ್ಟಿನಲ್ಲಿ. ಈ ಸಂಗತಿಯು ಅಪ್ರಸ್ತುತವಲ್ಲವೆಂಬುದು ಮುಂದಿನ ಪ್ರಯೋಗದಿಂದ ತಿಳಿಯಬರುತ್ತದೆ. ೧೯೪೧ರಲ್ಲಿ ಈವೆನ್ ಕ್ಯಾಮರಾನ್ ಎಂಬ ವೈದ್ಯನು ಅಮೆರಿಕದಲ್ಲಿ, ವೃದ್ಧರ ರಾತ್ರಿಯ ಭ್ರಮೆಗೆ ದಿನವಿಡೀ ಆದ ದಣಿವು ಕಾರಣವೋ ಅಥವಾ ಕತ್ತಲೆಯೇ ಕಾರಣವೋ ಎಂಬ ಪ್ರಶ್ನೆಯನ್ನು ಎತ್ತಿದನು. ರಾತ್ರಿಯಲ್ಲಿ ದಿಕ್ಕುತಪ್ಪುತ್ತಿದ್ದ ಮುದುಕರನ್ನು ಹಗಲಿನಲ್ಲಿಯೇ ಕತ್ತಲೆಯ ಕೋಣೆಯಲ್ಲಿ ಇರಿಸಿ ನೋಡಲಾಗಿ, ಒಂದು ಗಂಟೆಯ ಅವಧಿಯೊಳಗೆ ಅವರು ಅದೇ ಭ್ರಮೆಗೆ ಒಳಗಾದರು. ಮುಪ್ಪಿನ ಬುದ್ಧಿಯು ತಾನಿರುವ ಎಡೆಯ ಚಿತ್ರವನ್ನು ನೆನಪಿನಲ್ಲಿ ಹಿಡಿದಿಡಲಾರದೆ ಮತ್ತೆ ಮತ್ತೆ ಕಣ್ಣಿನಿಂದಲೇ ಪಡೆಯಬೇಕಾಗುತ್ತದೆ. ಕಾಣದೆ ಹೋದರೆ ಆ ಎಡೆಯೇ ಇಲ್ಲವಾಗುತ್ತದೆ ಎಂಬುದು ಅವನ ಊಹೆ. ಇದೇ ವೈದ್ಯನು ಮುಂದೆ ಮಾಂಟ್ರಿಯಾಲಿನಲ್ಲಿ ರೋಗಿಗಳ ಮೇಲೆ ನಡೆಸಿದ ಕ್ರೂರ ಪ್ರಯೋಗಗಳಿಂದ ಅಪಕೀರ್ತಿಗೆ ಗುರಿಯಾದನು. ಭ್ರಮೆಗೆ ಕತ್ತಲೆಯೊಂದೇ ಕಾರಣವಲ್ಲವೆಂದು ಅನಂತರದ ವಿದ್ವಾಂಸರು ತಿಳಿದಿದ್ದಾರೆ. ಆದರೂ ತಲೆದೆಸೆಯ ಹಣತೆಯನ್ನು ಆರಿಸಬಾರದೆಂಬ ನಮ್ಮ ಮನೆಗಳ ಕಟ್ಟುಪಾಡು ಕೇವಲ ಭೂತಪ್ರೇತಗಳ ಭಯದಿಂದ ಹುಟ್ಟಿದ್ದಲ್ಲವೆಂದು ಹೇಳಲು ಈ ಪ್ರಯೋಗದಿಂದ ಧೈರ್ಯ ಬರುತ್ತದೆ. ಇಂದಿನ ತೀವ್ರನಿಗಾ ಘಟಕಗಳಲ್ಲಿ ದೋಷವು ಅದಕ್ಕೆ ವಿರುದ್ಧವಾದುದು. ಅಲ್ಲಿ ಇರುಳೆಲ್ಲ ಬಿಳಿಯ ಬೆಳಕು, ಯಂತ್ರಗಳ ಕಿರುಚು, ಕಿಟಕಿಯಿಲ್ಲದ ಗೋಡೆ. ಹಗಲು ರಾತ್ರಿಗಳ ಗುರುತೇ ಸಿಗದಂತಾಗಿ ಆರೋಗ್ಯವಂತನ ನಿದ್ದೆಯೂ ಕೆಡುತ್ತದೆ.

ಕಟ್ಟಡಗಳು ವಿಲಾಯಿತಿಯ ಮಾದರಿಯಲ್ಲಿ ಎದ್ದರೂ ಒಂದು ವಿಷಯದಲ್ಲಿ ನಮ್ಮ ಜನರು ಆ ಮಾದರಿಗೆ ಮಣಿಯಲಿಲ್ಲ. ರೋಗಿಯನ್ನು ಒಪ್ಪಿಸಿ ಮನೆಗೆ ಹೋಗಿ, ಗೊತ್ತಾದ ವೇಳೆಗೆ ಬಂದು ನೋಡಿಹೋಗುವ ಪದ್ಧತಿಯು ಇಲ್ಲಿ ಪೂರ್ಣವಾಗಿ ಬೇರೂರಲೇ ಇಲ್ಲ. ಮಂಚದ ಕೆಳಗೆ ಚಾಪೆ ಹಾಸಿಕೊಂಡು ಮಲಗುವ ಮಗಳೋ ಸೊಸೆಯೋ ತಮ್ಮನೋ ನಮ್ಮ ಆಸ್ಪತ್ರೆಗಳ ಸ್ಥಿರವಾದ ದೃಶ್ಯ. ‘ಜೊತೆಗೆ ಇರುವವರು ಯಾರು?’ ಎಂಬುದು ದಾದಿಯರು ಕೇಳತಕ್ಕ ಮೊದಲ ಪ್ರಶ್ನೆಗಳಲ್ಲಿ ಒಂದು. ದಾದಿಯರ ಕೊರತೆಯಿಂದ ಬೆಳೆದ ಪದ್ಧತಿಯಿದೆಂದು ಕೆಲವರು ಹಳಿಯುತ್ತಾರೆ. ಅದರಲ್ಲಿ ಸತ್ಯವಿಲ್ಲದೆ ಇಲ್ಲ. ಆದರೆ ಕೊರತೆಯಿಂದ ಬಂದುದೆಲ್ಲ ಕೀಳೆಂದು ತಿಳಿಯಬಾರದು. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾಕ್ಟರ್ ವಿದ್ಯಾಸಾಗರರು ೧೯೫೦ರ ದಶಕದಲ್ಲಿ ಆವರಣದೊಳಗೆ ಡೇರೆಗಳನ್ನು ಹಾಕಿಸಿ ರೋಗಿಗಳ ಬಂಧುಗಳನ್ನು ಜೊತೆಯಲ್ಲಿರಿಸಿದರು. ಅನಂತರ ವೆಲ್ಲೂರಿನಲ್ಲಿಯೂ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಕುಟುಂಬದೊಡನೆ ಇರಿಸಿಕೊಳ್ಳುವ ವಾರ್ಡುಗಳು ನಡೆದುವು. ಬುದ್ಧಿಯ ರೋಗಕ್ಕೆ ಬಂಧುಗಳ ಸಾನ್ನಿಧ್ಯವು ಚಿಕಿತ್ಸೆಯ ಅಂಗವೆಂಬುದನ್ನು ಇವು ತೋರಿಸಿಕೊಟ್ಟುವು.

ಇದೇ ತತ್ತ್ವವನ್ನು ಅಮೆರಿಕದವರು ಲೆಕ್ಕದಿಂದ ಸಾಧಿಸಿದರು. ಯೇಲ್ ವಿಶ್ವವಿದ್ಯಾನಿಲಯದ ಶ್ಯಾರನ್ ಇನೌಯೆ ಎಂಬ ವೈದ್ಯೆಯೂ ಅವರ ಸಹೋದ್ಯೋಗಿಗಳೂ ೧೯೯೯ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ೭೦ ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ ೮೫೨ ಮಂದಿ ರೋಗಿಗಳ ವಿಚಾರವಿದೆ. ವಾಡಿಕೆಯ ಶುಶ್ರೂಷೆಯಲ್ಲಿದ್ದವರಲ್ಲಿ ಶೇಕಡ ೧೫ ಜನಕ್ಕೆ ಡೆಲಿರಿಯಮ್ ತಗುಲಿತು. ವಿಶೇಷ ಉಪಚಾರವನ್ನು ಪಡೆದವರಲ್ಲಿ ಶೇಕಡ ೯.೯ ಜನಕ್ಕೆ ಮಾತ್ರ. ಆ ವಿಶೇಷ ಉಪಚಾರವೆಂದರೆ ಏನು? ದಿನವೂ ಬಳಿಯಲ್ಲಿ ಕುಳಿತು ಇಂದು ಯಾವ ವಾರ, ಇದು ಯಾವ ಊರು ಎಂದು ಮಾತನಾಡಿಸುವುದು, ಕನ್ನಡಕವನ್ನೂ ಕಿವಿಯ ಯಂತ್ರವನ್ನೂ ಮರೆಯದೆ ಹಾಕುವುದು, ನೀರು ಕುಡಿಸುವುದು, ಕೈಹಿಡಿದು ನಾಲ್ಕು ಹೆಜ್ಜೆ ನಡೆಸುವುದು, ಮಲಗುವ ಮುನ್ನ ನಿದ್ರೆಯ ಗುಳಿಗೆಗೆ ಬದಲಾಗಿ ಬಿಸಿ ಹಾಲು, ಮೆಲ್ಲನೆಯ ಸಂಗೀತ, ಬೆನ್ನು ನೀವುವುದು. ಇದನ್ನು ಓದಿದ ಯಾವ ಕನ್ನಡಿಗನಿಗಾದರೂ ತನ್ನ ಮನೆಯ ಹಿರಿಯ ಹೆಂಗಸೊಬ್ಬರ ನೆನಪು ಬಾರದೆ ಇರದು. ಆದರೆ ಇನ್ನೊಂದು ಮಾತನ್ನೂ ಆ ಪ್ರಬಂಧವು ಪ್ರಾಮಾಣಿಕವಾಗಿ ಹೇಳಿತು. ಒಮ್ಮೆ ಡೆಲಿರಿಯಮ್ ಬಂದ ಮೇಲೆ ಅದರ ತೀವ್ರತೆಯನ್ನು ಈ ಉಪಚಾರವು ಗಣನೀಯವಾಗಿ ತಗ್ಗಿಸಲಿಲ್ಲ. ಬರುವ ಮುನ್ನ ತಡೆಯುವುದರಲ್ಲಿಯೇ ಅದರ ಬಲ. ಬಂದ ಮೇಲಾದರೋ ಒಳಗಿನ ಕಾರಣವನ್ನು ಹುಡುಕಲೇಬೇಕು.

ಜೊತೆಯವರ ಬೆಲೆಯು ನಮಗೆ ಚೆನ್ನಾಗಿ ತಿಳಿದುದು ಅವರಿಲ್ಲದ ಕಾಲದಲ್ಲಿ. ೨೦೨೦ರಲ್ಲಿ ಕೋವಿಡ್ ಸಾಂಕ್ರಾಮಿಕವು ಹಬ್ಬಿದಾಗ ವಿಕ್ಟೋರಿಯಾ ಆಸ್ಪತ್ರೆಯನ್ನು ಆ ರೋಗದ ಚಿಕಿತ್ಸೆಗೆಂದು ನಿಯಮಿಸಲಾಯಿತು. ಸೋಂಕಿನ ಭಯದಿಂದ ಎಲ್ಲೆಡೆಯಲ್ಲಿಯೂ ಬಂಧುಗಳನ್ನು ವಾರ್ಡುಗಳಿಂದ ದೂರವಿರಿಸಬೇಕಾಯಿತು. ಮುಖವೆಲ್ಲ ಮುಚ್ಚಿದ, ಅಡಿಯಿಂದ ಮುಡಿಯವರೆಗೆ ನಿಲುವಂಗಿಯನ್ನು ತೊಟ್ಟ ಆಕೃತಿಗಳ ನಡುವೆ ವೃದ್ಧರು ಒಂಟಿಯಾಗಿ ಮಲಗಿದರು. ೧೪ ದೇಶಗಳ ತೀವ್ರನಿಗಾ ಘಟಕಗಳಲ್ಲಿದ್ದ ೨೦೮೮ ಮಂದಿ ಕೋವಿಡ್ ರೋಗಿಗಳನ್ನು ಕುರಿತು ೨೦೨೧ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಡೆಲಿರಿಯಮ್ ಬಂದುದು ಕಂಡಿತು. ಬೆನ್ಜೊಡಯಾಜೆಪೀನ್ ವರ್ಗದ ಶಾಮಕ ಔಷಧಗಳು ಅದನ್ನು ಹೆಚ್ಚಿಸುವುವೆಂದೂ, ನೇರವಾಗಿಯಾಗಲಿ ಯಂತ್ರದ ಪರದೆಯ ಮೂಲಕವಾಗಲಿ ಮನೆಯವರನ್ನು ಕಂಡವರಲ್ಲಿ ಅದು ಕಡಮೆಯಾಗಿತ್ತೆಂದೂ ಆ ಅಧ್ಯಯನವು ತಿಳಿಸುತ್ತದೆ.

ಇಲ್ಲಿ ಬೆಂಗಳೂರಿನ ಪಶ್ಚಿಮ ಭಾಗದ ಸ್ಥಿತಿಯನ್ನು ಸ್ವಲ್ಪ ಪರಿಶೀಲಿಸಬಹುದು. ಮೈಸೂರು ರಸ್ತೆಯ ಬದಿಯಲ್ಲಿರುವ ದೀಪಾಂಜಲಿ ನಗರವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇದೇ ರಸ್ತೆಯಲ್ಲಿ ಪೂರ್ವಕ್ಕೆ ಸಾಗಿದರೆ ಕೃಷ್ಣರಾಜ ಮಾರುಕಟ್ಟೆಯೂ ಅದರ ಪಕ್ಕದಲ್ಲಿ ವಿಕ್ಟೋರಿಯಾ ಆಸ್ಪತ್ರೆಯೂ ಸಿಗುತ್ತವೆ. ೨೦೧೫ರ ನವೆಂಬರಿನಿಂದ ಮೆಟ್ರೋ ರೈಲಿನ ನಿಲ್ದಾಣವೂ ಇಲ್ಲಿದೆ. ಇಂಥ ಬಡಾವಣೆಗಳಲ್ಲಿ ಈಗ ಮುಪ್ಪಿನಲ್ಲಿರುವವರಲ್ಲಿ ಅನೇಕರು ಹಳ್ಳಿಗಳಲ್ಲಿ ಹುಟ್ಟಿ ಬೆಳೆದು, ಕಾರ್ಖಾನೆಯ ಕೆಲಸಕ್ಕೋ ಮಕ್ಕಳ ಮನೆಗೋ ಎಂದು ನಗರಕ್ಕೆ ಬಂದವರು. ಹಗಲಿನಲ್ಲಿ ಅವರು ನಗರವಾಸಿಗಳು. ಆಸ್ಪತ್ರೆಯ ಇರುಳಿನಲ್ಲಿ ಬುದ್ಧಿ ಕದಡಿದಾಗ ನಡುವಣ ವರ್ಷಗಳೆಲ್ಲ ಅಳಿಸಿಹೋಗಿ ಕಣ, ಕೊಟ್ಟಿಗೆ, ಕೆರೆಯ ಏರಿಗಳು ಎದುರು ನಿಲ್ಲುತ್ತವೆ. ಅವರಾಡುವ ಮಾತು ಬಾಲ್ಯದ ಹಟ್ಟಿಯ ಮಾತು. ದೊಡ್ಡ ಖಾಸಗಿ ಆಸ್ಪತ್ರೆಗಳ ದಾದಿಯರಲ್ಲಿ ಅನೇಕರಿಗೆ ಆ ಕನ್ನಡವು ತಿಳಿಯದು. ಇದು ಅವರ ತಪ್ಪಲ್ಲ. ದೂರದ ಊರಿನಿಂದ ಬಂದು ಪರರ ತಾಯಿತಂದೆಗಳ ಮಲಮೂತ್ರಗಳನ್ನು ತೆಗೆಯುವವರನ್ನು ದೂರುವ ಅಧಿಕಾರ ಯಾರಿಗೂ ಇಲ್ಲ. ಆದರೆ ‘ಕರು ಬಿಚ್ಕೊಂಡದೆ’ ಎಂದು ಕೂಗುವ ಅಜ್ಜಿಗೆ, ‘ಕಟ್ಟಿ ಬಂದೆ ಕಣವ್ವ, ಮಲಕ್ಕೊ’ ಎಂದು ಅದೇ ಧಾಟಿಯಲ್ಲಿ ಉತ್ತರ ಕೊಡಬಲ್ಲ ಒಂದು ದನಿಯು ಸೂಜಿಮದ್ದಿಗಿಂತ ಬೇಗ ಹಿಡಿಯುವುದನ್ನು ವಾರ್ಡಿನಲ್ಲಿ ರಾತ್ರಿ ಕಳೆದವರೆಲ್ಲ ಬಲ್ಲರು. ಇದು ಸುಳ್ಳಾಡಿದಂತಾಗದೇ ಎಂದು ಶಂಕಿಸುವವರುಂಟು. ವಾದಿಸಿ ತಿದ್ದಹೋದರೆ ಕೋಪವೂ ಭಯವೂ ಹೆಚ್ಚುವುವು. ‘ನಾನು ಇಲ್ಲೇ ಇವ್ನಿ’ ಎಂಬಷ್ಟು ಮಾತ್ರ ಹೇಳಿ ಕೈಹಿಡಿದರೆ ಸುಳ್ಳೂ ಆಗದು, ಸಾಂತ್ವನವೂ ಆಗುತ್ತದೆ.

ಜೊತೆಯವರಿಲ್ಲದೆಡೆಯಲ್ಲಿ ಉಳಿಯುವ ಉಪಾಯಗಳು ಎರಡು: ಕಟ್ಟುವುದು, ಮಲಗಿಸುವುದು. ಬಟ್ಟೆಯ ಪಟ್ಟಿಯಿಂದ ಕೈಗಳನ್ನು ಮಂಚಕ್ಕೆ ಕಟ್ಟಿದರೆ ಭ್ರಮೆಯು ಉಲ್ಬಣಿಸುವುದೇ ಹೆಚ್ಚು. ತನ್ನನ್ನು ಹಿಡಿದುಹಾಕಿದ್ದಾರೆಂಬ ರೋಗಿಯ ಭ್ರಾಂತಿಯು ಆಗ ಭ್ರಾಂತಿಯಾಗಿ ಉಳಿಯುವುದಿಲ್ಲ. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯು ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ, ಕೂಡಲೇ ಒದಗಬಹುದಾದ ಹಾನಿಯನ್ನು ತಡೆಯಲು ಅನ್ಯಮಾರ್ಗವಿಲ್ಲದಿದ್ದರೆ ಮಾತ್ರ ದೈಹಿಕ ಬಂಧನಕ್ಕೆ ಅವಕಾಶವನ್ನು ಕೊಟ್ಟಿದೆ. ಇನ್ನು ಶಾಮಕ ಔಷಧಗಳ ವಿಷಯ. ಮರೆವಿನ ರೋಗವುಳ್ಳ ವೃದ್ಧರಿಗೆ ಉನ್ಮಾದದ ಕೆಲವು ಔಷಧಗಳನ್ನು ಕೊಟ್ಟರೆ ಮರಣದ ಸಂಭವವು ಹೆಚ್ಚುವುದೆಂದು ೨೦೦೫ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯವರು ಎಚ್ಚರಿಕೆಯಿತ್ತರು. ಔಷಧವು ಎಂದಿಗೂ ಬೇಡವೆಂದಲ್ಲ. ತನಗೋ ಪರರಿಗೋ ಅಪಾಯವಾಗುವಂತಿದ್ದಾಗ ವೈದ್ಯರು ಅಲ್ಪ ಪ್ರಮಾಣದಲ್ಲಿ ಕೊಡುವುದುಂಟು. ಆದರೆ ನಿದ್ರೆ ಬರಿಸಿದೊಡನೆ ರೋಗವು ವಾಸಿಯಾಯಿತೆಂದು ತಿಳಿಯುವುದು ಹೊಗೆಯನ್ನು ಬೀಸಿ ಓಡಿಸಿ ಬೆಂಕಿಯನ್ನು ಮರೆತಂತೆ.

ಆ ಬೆಂಕಿಯು ಯಾವುದೆಂಬುದೇ ಮುಖ್ಯ ಪ್ರಶ್ನೆ. ಮೂತ್ರದ ಅಥವಾ ಶ್ವಾಸಕೋಶದ ಸೋಂಕು, ಮೂತ್ರವು ಕಟ್ಟುವುದು, ಮಲಬದ್ಧತೆ, ಹೇಳಿಕೊಳ್ಳಲಾರದ ನೋವು, ರಕ್ತದಲ್ಲಿ ಉಪ್ಪಿನಂಶ ಇಳಿಯುವುದು, ಹೊಸದಾಗಿ ಆರಂಭಿಸಿದ ಗುಳಿಗೆ, ಒಮ್ಮೆಗೇ ನಿಂತ ಮದ್ಯ ಇವುಗಳಲ್ಲಿ ಯಾವುದಾದರೂ ಇರಬಹುದು. ಇವುಗಳಲ್ಲಿ ಬಹುಭಾಗಕ್ಕೆ ಚಿಕಿತ್ಸೆಯುಂಟು. ಹುಡುಕದಿದ್ದರೆ ಪ್ರಾಣಾಪಾಯವೂ ಉಂಟು. ಹುಡುಕಬೇಕೆಂಬ ಬುದ್ಧಿಯು ಹುಟ್ಟುವುದು ‘ನಿನ್ನೆ ಹೀಗಿರಲಿಲ್ಲ’ ಎಂದು ಯಾರಾದರೂ ಹೇಳಿದಾಗ. ಹೊಸಬರಾದ ವೈದ್ಯರಿಗೆ ನಿನ್ನೆಯ ಸಂಗತಿ ತಿಳಿಯದು. ಜೊತೆಯವರಿಗೆ ಮಾತ್ರ ಗೊತ್ತು. ಆದರೆ ಅವರೇ ‘ಅರಳುಮರಳು’ ಎಂದುಬಿಟ್ಟರೆ ವಿಚಾರಣೆಯು ಅಲ್ಲಿಗೇ ನಿಲ್ಲುತ್ತದೆ. ಮೊದಲೇ ಮರೆವಿನ ರೋಗವಿದ್ದವರಿಗಂತೂ ಈ ಅಪಾಯವು ಇಮ್ಮಡಿ. ಏಕೆಂದರೆ ಅರಳುಮರಳಿದ್ದವರ ಮೇಲೆಯೇ ಸನ್ನಿಯು ಸುಲಭವಾಗಿ ಬೀಳುತ್ತದೆ, ಮತ್ತು ಅವರಲ್ಲಿ ಅದು ಬೇರೆಯಾಗಿ ಕಾಣುವುದಿಲ್ಲ.

ಸನ್ನಿಯೆಂಬ ಪದವು ಹಿರಿಯರ ಶುಶ್ರೂಷೆಯ ಮಾತಿನಿಂದ ಏಕೆ ಜಾರಿತು? ನಮ್ಮ ಅಭಿಪ್ರಾಯದಲ್ಲಿ ಕಾರಣವು ಹೀಗಿರಬಹುದು. ವಿಷಮಶೀತ ಜ್ವರದಂಥ ದೀರ್ಘ ಜ್ವರಗಳೇ ಆ ಪದಕ್ಕೆ ನೆಲೆಯಾಗಿದ್ದುವು. ೧೯೪೮ರಲ್ಲಿ ಕ್ಲೋರಾಂಫೆನಿಕಾಲ್ ಔಷಧವು ಆ ಜ್ವರಕ್ಕೆ ಪರಿಣಾಮಕಾರಿಯೆಂದು ಕಂಡುಬಂದ ಮೇಲೆ ಜ್ವರವೂ ತಗ್ಗಿತು, ಅದರೊಡನೆ ಕಾಣುತ್ತ ಬಂದ ಸನ್ನಿಯೂ ಅಪರೂಪವಾಯಿತು. ಅಲ್ಲದೆ, ವೈದ್ಯಶಿಕ್ಷಣವು ಇಂಗ್ಲಿಷಿನಲ್ಲಿ ನಡೆದುದರಿಂದ ಹಳೆಯ ಪದವು ಗ್ರಾಮ್ಯವೆಂಬ ತಾತ್ಸಾರಕ್ಕೆ ಗುರಿಯಾಯಿತು. ಮನಶ್ಶಾಸ್ತ್ರವನ್ನು ಕನ್ನಡದಲ್ಲಿ ಬರೆಯಲು ಹೊರಟವರೂ ಇಲ್ಲದಿರಲಿಲ್ಲ. ‘ರಾಶಿ’ ಎಂದು ಹೆಸರಾದ ಡಾಕ್ಟರ್ ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ ೧೯೭೬ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಸಂದಿತು. ಆದರೂ ವಾರ್ಡಿನ ಮಾತುಕತೆಗೆ ಬೇಕಾದ ಒಂದು ಚಿಕ್ಕ ಪದವು ನೆಲೆಗೊಳ್ಳಲಿಲ್ಲ. ಡೆಲಿರಿಯಮ್ಮಿಗೆ ಚಿತ್ತಭ್ರಮೆ, ಭ್ರಾಂತಿ, ಚಿತ್ತವಿಭ್ರಮವೆಂದು ಬರೆಯಬಹುದು. ಈ ಲೇಖನದ ಶೀರ್ಷಿಕೆಯಲ್ಲಿ ನಾವೂ ಅದನ್ನೇ ಮಾಡಿದ್ದೇವೆ. ಆದರೆ ಈ ಮಾತುಗಳಲ್ಲಿ ಹುಚ್ಚಿನ ಛಾಯೆಯುಂಟೇ ಹೊರತು ‘ಒಮ್ಮೆಗೇ ಬಂದದ್ದು, ಒಳಗೇನೋ ಕೆಟ್ಟಿದೆ’ ಎಂಬ ಎಚ್ಚರಿಕೆಯಿಲ್ಲ.

ಆ ಎಚ್ಚರಿಕೆಯನ್ನು ಉಳಿಸಿಕೊಂಡಿರುವ ಒಂದು ಸಮಾಸವು ಇಂದಿಗೂ ಜೀವಂತವಾಗಿದೆ. ಹೆರಿಗೆಯ ಅನಂತರ ಒಮ್ಮೆಗೇ ತಲೆದೋರುವ ಬುದ್ಧಿವಿಕಾರಕ್ಕೆ ‘ಬಾಣಂತಿ ಸನ್ನಿ’ ಎಂದು ಹಳ್ಳಿಯವರೂ ಹೇಳುತ್ತಾರೆ, ಕನ್ನಡದಲ್ಲಿ ಬರೆಯುವ ಮನೋವೈದ್ಯರೂ ಅದೇ ಪದವನ್ನು ಬಳಸುತ್ತಾರೆ. ಆ ಮಾತನ್ನು ಕೇಳಿದೊಡನೆ ಮನೆಯವರು ಬಾಣಂತಿಯನ್ನು ವೈದ್ಯರ ಬಳಿಗೆ ಒಯ್ಯಬೇಕೆಂದು ತಿಳಿಯುತ್ತಾರೆ. ಬಾಣಂತಿತನದಲ್ಲಿ ಹೀಗೆಯೇ ಎಂದು ಸುಮ್ಮನಿರುವುದಿಲ್ಲ. ಇದೇ ಮಾದರಿಯಲ್ಲಿ ‘ಮುಪ್ಪಿನ ಸನ್ನಿ’ ಎಂಬ ಸಮಾಸವನ್ನು ವೈದ್ಯರೂ ದಾದಿಯರೂ ಬಳಸಿ ನೋಡಬಹುದಾಗಿದೆ. ಇದಕ್ಕಿಂತ ಒಳ್ಳೆಯ ಪದವು ತುಳುನಾಡಿನಲ್ಲಿಯೋ ಬಯಲುಸೀಮೆಯಲ್ಲಿಯೋ ಬಳಕೆಯಲ್ಲಿದ್ದರೆ, ಬಲ್ಲವರು ಅದನ್ನು ಈ ಪತ್ರಿಕೆಗೆ ತಿಳಿಸಬೇಕಾಗಿ ಕೋರುತ್ತೇವೆ.